ಅಸನ್‌ಕುಲಣ್ಣನಿಗೆ ಹೊಸ ರೇಡಿಯೊ

ಅಸನ್‌ಕುಲಣ್ಣ ಜಗಳವಾಡದೆ ಒಂದು ಸ್ಕ್ರೂ ಕೂಡ ಕೊಂಡವರಲ್ಲ. ಕರಕೋಲ್ ಬಜಾರಿನ ನನ್ನ ರೇಡಿಯೊ ರಿಪೇರಿ ಅಂಗಡಿಗೆ ಅವರು ಬಂದರೆಂದರೆ ಅವತ್ತಿನ ಕೆಲಸ ಕೆಟ್ಟಿತೆಂದೇ ಲೆಕ್ಕ. ಬಿಳಿ ಕೋಲನ್ನು ಬಾಗಿಲಿಗೆ ಒರಗಿಸಿ, ನಾನು ಕೊಟ್ಟ ರೇಡಿಯೊ ತಿರುಗಿಸುವ ಗುಂಡಿಯನ್ನು ಬೆರಳಲ್ಲಿ ಉರುಳಿಸಿ ನೋಡಿ, "ಇದಕ್ಕೆ ಗುಂಡಿ ಅಂತಾರಾ ಸಬಿರ್? ಕುರಿ ಹಿಕ್ಕೆ ಇದಕ್ಕಿಂತ ದುಂಡಗಿರುತ್ತೆ" ಅನ್ನುವರು. ನಾನೂ ಬಿಡುತ್ತಿರಲಿಲ್ಲ. ಸಬಿರ್ ಎಂದರೆ ನಮ್ಮಲ್ಲಿ ತಾಳ್ಮೆ ಎಂದರ್ಥ. ಹೆಸರಿಟ್ಟವರಿಗೆ ನಾನು ಹೇಗೆ ಬೆಳೆಯುತ್ತೇನೆಂದು ಗೊತ್ತಿರಲಿಲ್ಲ, ಪಾಪ. ಮಧ್ಯಾಹ್ನ ಇಬ್ಬರೂ ಪಕ್ಕದ ಅಂಗಡಿಯಲ್ಲಿ ಕೂತು, ಖಾರದ ತಣ್ಣನೆ ನೂಡಲ್ಸ್ ತಿನ್ನುತ್ತಾ ಅದೇ ಜಗಳವನ್ನು ಮುಂದುವರಿಸುತ್ತಿದ್ದೆವು.

ಅವರಿಗೆ ಕಣ್ಣಿಲ್ಲ. ಚಿಕ್ಕವರಿದ್ದಾಗ ಗೋಡೆಗೆ ಬಳಿಯಲು ಸುಣ್ಣ ಅರಳಿಸುತ್ತಿದ್ದ ಹೊಂಡದ ಪಕ್ಕ ಆಡುತ್ತಿದ್ದರಂತೆ, ಸುಣ್ಣ ಸಿಡಿದು ಎರಡೂ ಕಣ್ಣು ಹೋದವು. ಕುರುಡರ ಶಾಲೆ ಮುಗಿಸಿ ಬಂದ ಮೇಲೆ, ಸೋವಿಯತ್ ಕಾಲದಲ್ಲಿ ಕುರುಡರಿಗೆಂದೇ ನಡೆಸುತ್ತಿದ್ದ ಕಾರ್ಖಾನೆ ಸೇರಿದರು. ಬೆಳಗಿನಿಂದ ಸಂಜೆವರೆಗೆ ಪ್ಲಗ್ಗು, ಸ್ವಿಚ್ಚು ಜೋಡಿಸುವ ಕೆಲಸ. ಕೆಲಸದವರಿಗೆ ಬೇಸರವಾಗದಿರಲೆಂದು ಪತ್ರಿಕೆ ಓದಿ ಹೇಳಲು ಒಬ್ಬ ಹುಡುಗಿಯನ್ನು ಇಟ್ಟಿದ್ದರು. ಆ ಹುಡುಗಿಯೇ ಅನಾರ್ಕಾನ್ ಅತ್ತಿಗೆ. ಯಾವ ಹಳ್ಳಿಯಲ್ಲಿ ಎಷ್ಟು ಹಾಲು ಕರೆದರು ಎನ್ನುವ ಸುದ್ದಿಯನ್ನೂ ಪ್ರೇಮಪತ್ರದ ಹಾಗೆ ಓದುತ್ತಿದ್ದಳು ಎಂದು ಅಣ್ಣ ಹೇಳುತ್ತಿದ್ದರು. "ಎಲ್ಲಾ ಸುಳ್ಳು. ಇವರು ಹಾಲಿನ ಲೆಕ್ಕ ಇನ್ನೊಂದ್ಸಲ ಓದು ಅಂತ ಜೀವ ತಿಂತಿದ್ರು" ಎಂದು ಅತ್ತಿಗೆ ಮೂಗು ಮುರಿಯುತ್ತಿದ್ದರು. ಮದುವೆಯಾದ ಮೇಲೂ ಓದುವ ಕೆಲಸ ಅವರಿಗೆ ತಪ್ಪಲಿಲ್ಲ.

ಕಾರ್ಖಾನೆಯಲ್ಲಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲೇ ದೂರದವರ ಜೊತೆ ಮಾತಾಡುವವರ ಕ್ಲಬ್ಬಿತ್ತು; ಅಲ್ಲಿ ಅಣ್ಣ ಮೋರ್ಸ್ ಸಂಕೇತ ಕಲಿತರು. ಆಮೇಲೆ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಪೆಟ್ಟಿಗೆಯಾದ ಟ್ರಾನ್ಸೀವರನ್ನು ಬರಿ ಕೈ ಸವರಿ ಸವರಿಯೇ ಮನೆಯಲ್ಲಿ ಕಟ್ಟಿದರು. ಬಲ್ಬಿನ ಹಾಗೆ ಕಾಯುವ ವಾಲ್ವುಗಳ ದೊಡ್ಡ ಪೆಟ್ಟಿಗೆ ಅದು; ಚಳಿಗಾಲದಲ್ಲಿ ಬೆಕ್ಕು ಅದರ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಆದರೆ ಎಲ್ಲ ಸ್ಟೇಷನ್ನಿಗೂ ಒಂದೊಂದು ನಂಬರು ಇರುತ್ತದಲ್ಲ, ಆ ನಂಬರಿನ ಮೇಲೆ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುವವರು ಯಾರು? ಅದಕ್ಕೆ ಅತ್ತಿಗೆ ಇದ್ದರು. ಪ್ರತಿ ಭಾನುವಾರ ಬೆಳಗ್ಗೆ ರೇಡಿಯೊದ ಏಳು ಸಾವಿರದ ನೂರ ಹತ್ತನೇ ನಂಬರಿನಲ್ಲಿ ನಮ್ಮ ಹ್ಯಾಮ್‌ಗಳ ಕೂಟ ಸೇರುತ್ತದೆ. ನರಿನ್, ಬಲಿಕ್ಚಿ, ಅಲ್ಮಾಟಿ, ತಾಷ್ಕೆಂಟ್, ಎಲ್ಲ ಕಡೆಯವರೂ ಇರುತ್ತಾರೆ. ಹಾಜರಿ ಕರೆಯುವವರು ಅಸನ್‌ಕುಲಣ್ಣ. ತುಳಿದಿರುವಷ್ಟು ಹೊತ್ತು ಮಾತು ಹೊರಗೆ ಹೋಗುವ ಮೈಕಿನ ಪೆಡಲನ್ನು ತುಳಿದುಕೊಂಡೇ ಅವರು ಅಡುಗೆಮನೆಯ ಕಡೆ ತಿರುಗಿ, "ಅನಾರ್ಕಾನ್, ಎಲ್ಲಿದ್ದೀನಿ ನಾನು?" ಎಂದು ಕೂಗುತ್ತಿದ್ದರು. ಚಪ್ಪಲಿ ಎಳೆದು ಬರುವ ಸದ್ದು ನಮಗೆಲ್ಲ ಕೇಳಿಸುತ್ತಿತ್ತು. ಆಮೇಲೆ ಅತ್ತಿಗೆಯ ದನಿ: "ಏಳು ಸಾವಿರದ ನೂರ ಹತ್ತು. ಮೊಣಕೈ ತೆಗೀರಿ, ಟೀ ಚೆಲ್ಲುತ್ತೆ." ಅದು ಕೇಳಿದ ಮೇಲೆಯೇ ನಮಗೆ ಕೂಟ ಶುರುವಾಯಿತು ಅನ್ನಿಸುತ್ತಿದ್ದದ್ದು.

ಕಳೆದ ಚಳಿಗಾಲದಲ್ಲಿ ಅತ್ತಿಗೆ ತೀರಿಕೊಂಡರು. ಹಿಟ್ಟು ನಾದುತ್ತಿದ್ದವರು ಹಾಗೇ ಕೂತರು, ಅಷ್ಟೇ.

ಅಂಗಳದಲ್ಲಿ ಡೇರೆ ಹಾಕಿ ಒಳಗೆ ಅವರನ್ನು ಮಲಗಿಸಿದರು. ಹೊರಗೆ ಗಂಡಸರು ಸಾಲಾಗಿ ನಿಂತು, ಕೋಲಿಗೆ ಒರಗಿ, ಬರುವವರನ್ನು ಕಂಡಾಗಲೆಲ್ಲ ಗಟ್ಟಿಯಾಗಿ ಅಳಬೇಕು. ಅದು ನಮ್ಮ ಪದ್ಧತಿ. ಅಣ್ಣನೂ ನಿಂತಿದ್ದರು. ಅವರ ಬಾಯಿಂದ ಒಂದು ಸದ್ದೂ ಬರಲಿಲ್ಲ. ಹಿಂದೆ ನಿಂತವರು ಪಿಸುಪಿಸು ಮಾತಾಡಿದರು. ನನಗೆ ಮೈ ಉರಿಯಿತು; ಮಾತಾಡಿದವರ ಮೇಲೋ, ಅಳದ ಅಣ್ಣನ ಮೇಲೋ, ಹೇಳಲಾರೆ.

ನೆಂಟರು ತಂಡತಂಡವಾಗಿ ಬಂದರು. ಮಲಗಲು ಹಾಸಿಗೆ, ರಜಾಯಿ ಊರೆಲ್ಲ ಸೇರಿ ತಂದುಕೊಟ್ಟರು. ಬೆಳಗ್ಗೆ ಅವನ್ನೆಲ್ಲ ಮಡಿಸಿ ಎಲ್ಲಿಡುವುದು? ಯಾವಳೋ ಪುಣ್ಯಾತ್ಗಿತ್ತಿ ಅಣ್ಣನ ರೇಡಿಯೊ ಮೇಲೆ ಸೂರಿನ ತನಕ ಪೇರಿಸಿಟ್ಟಳು. ವಾಲ್ವು ಬಿಸಿಯಾಗಿರಲಿ ಎಂದು ಅಣ್ಣ ಅದನ್ನು ಯಾವತ್ತೂ ಆರಿಸುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಹೊಗೆ ಬಂತು. ರಜಾಯಿಗಳು ಉಳಿದವು, ರೇಡಿಯೊ ಉಳಿಯಲಿಲ್ಲ. ನಾನು ಮುಚ್ಚಳ ಬಿಚ್ಚಿ ನೋಡಿದೆ. ತಂತಿಯ ಸುರುಳಿಗಳೆಲ್ಲ ಕರಗಿ ಅಂಟಿಕೊಂಡಿದ್ದವು.

"ಪೂರ್ತಿ ಹೋಗಿದೆ ಅಣ್ಣ" ಎಂದೆ.

"ಹೌದಾ" ಎಂದರು.

ನಲವತ್ತನೇ ದಿನದ ತಿಥಿ ಊಟ ಮುಗಿಯಿತು, ನೆಂಟರು ಹೋದರು. ಅಣ್ಣನ ತಂಗಿ ಸಲ್ಕಿನ್ ಮಾತ್ರ ಅಡುಗೆ ನೋಡಿಕೊಳ್ಳಲು ಉಳಿದಳು. ಅವಳ ನಾಲಗೆಗೆ ಹೆದರಿ ಬಜಾರಿನಲ್ಲಿ ಕಟುಕರೂ ತೂಕ ಸರಿಯಾಗಿ ಹಾಕುತ್ತಾರೆ. ಒಂದು ದಿನ ಅಂಗಡಿಗೆ ಬಂದವಳು ಬಯ್ಯಲಿಲ್ಲ. ಅದಕ್ಕೇ ನನಗೆ ಗಾಬರಿಯಾಯಿತು.

"ಕೊಟ್ರೆ ತಿಂತಾನೆ, ಕೊಡದಿದ್ರೆ ಕೇಳಲ್ಲ" ಎಂದಳು. "ನಿನ್ನೆ ನೋಡೋಣ ಅಂತ ಉಪ್ಪಿಲ್ಲದ ಸಾರು ಕೊಟ್ಟೆ. ಕುಡಿದು ಎದ್ದ. ನನ್ನ ಸಾರಿಗೆ ಹೆಸರಿಡದೆ ಇವನು ಯಾವತ್ತಾದ್ರೂ ಎದ್ದಿದ್ದಾನಾ? ಸಬಿರ್, ಇವನು ಹೀಗೇ ಕೂತಿದ್ರೆ ಬರೋ ಚಳಿಗಾಲ ನೋಡಲ್ಲ. ಆ ಹಾಳು ಪೆಟ್ಟಿಗೆ ಇನ್ನೊಂದು ತಂದುಕೊಡು. ಕಿರಿಚ್ಕೊಂಡಾದ್ರೂ ಇರಲಿ."

ಭಾನುವಾರದ ಕೂಟವೂ ಹಾಳುಬಿದ್ದಿತ್ತು. ಬೇರೆ ಯಾರೋ ಹಾಜರಿ ಕರೆಯುತ್ತಿದ್ದರು, ನಾವು ಸುಮ್ಮನೆ ಹಾಜರಿ ಹೇಳಿ ಎದ್ದು ಹೋಗುತ್ತಿದ್ದೆವು. ಹೊಸದು ತಂದುಕೊಡೋಣ ಎಂದಾಗ ಒಬ್ಬರೂ ಇಲ್ಲ ಅನ್ನಲಿಲ್ಲ. ಬಲಿಕ್ಚಿಯಿಂದ ಗೆನ್ನಾದಿ ತನ್ನ ಹಳೆ ಕಾರಿನಲ್ಲಿ ಮೂರು ಟ್ರಾನ್ಸೀವರ್ ಹೇರಿಕೊಂಡು ಬಂದ. ಅವನು ರೈಲ್ವೆಯಲ್ಲಿದ್ದು ನಿವೃತ್ತನಾದ ರಷ್ಯನ್. ಯಂತ್ರ ಕಂಡರೆ ಸಾಕು, ಅನ್ನ ನೀರು ಬೇಡ.

ಮೂರನ್ನೂ ಅಣ್ಣನ ಮನೆಯ ಗಿಡ್ಡ ಮೇಜಿನ ಮೇಲೆ ಸಾಲಾಗಿಟ್ಟೆವು. ಮೊದಲನೆಯದು ಸೈನ್ಯದವರು ಬಿಸಾಕಿದ್ದು, ಎತ್ತಲು ಇಬ್ಬರು ಬೇಕು. ಎರಡನೆಯದು ಚೀನಾದ್ದು, ಅಂಗೈಯಗಲ. ಅದರ ತುಂಬ ಗಾಜಿನ ಪರದೆ, ಗುಂಡಿಗಳೇ ಇಲ್ಲ.

"ಇದರಲ್ಲಿ ಇಡೀ ಆಕಾಶ ಬಣ್ಣಬಣ್ಣವಾಗಿ ಕಾಣುತ್ತೆ" ಎಂದ ಗೆನ್ನಾದಿ.

"ಯಾರಿಗೆ ಕಾಣುತ್ತೆ?" ಎಂದೆ.

ಗೆನ್ನಾದಿ ಕಿವಿಯ ತನಕ ಕೆಂಪಾದ. ಅಣ್ಣ ಬಯ್ಯುತ್ತಾರೆ ಎಂದು ಇಬ್ಬರೂ ಕಾದೆವು. ಹಿಂದಿನ ಅಸನ್‌ಕುಲಣ್ಣನಾಗಿದ್ದರೆ ಈ ಒಂದು ಮಾತಿಗೆ ಅವನನ್ನು ವರ್ಷವಿಡೀ ಕೂಟದಲ್ಲಿ ಹುರಿದು ಮುಕ್ಕುತ್ತಿದ್ದರು. ಈಗ ಗಾಜಿನ ಮೇಲೆ ಬೆರಳಾಡಿಸಿ, "ಇದೂ ಆಗುತ್ತೆ" ಎಂದರು. ಸೈನ್ಯದ್ದರ ಮೇಲೆ ಕೈಯಿಟ್ಟು, "ಇದೂ ಆಗುತ್ತೆ."

ನನಗೆ ತಡೆಯಲಾಗಲಿಲ್ಲ. "ಒಂದಕ್ಕಾದ್ರೂ ಬಯ್ಯಿರಿ ಅಣ್ಣ. ಇದು ಕುರಿ ಹಿಕ್ಕೆ ಅನ್ನಿ, ಕತ್ತೆ ತಲೆ ಅನ್ನಿ. ಆಗುತ್ತೆ ಆಗುತ್ತೆ ಅಂದ್ರೆ ನಾನು ಏನು ತಿಳ್ಕೊಳ್ಳಲಿ?"

"ನೀನೇ ನೋಡಿ ಇಡು ಸಬಿರ್. ನಿನಗೆ ಗೊತ್ತಾಗುತ್ತೆ."

ಇಷ್ಟು ವರ್ಷ ನಿನಗೇನೂ ಗೊತ್ತಾಗಲ್ಲ ಎಂದು ಬಯ್ಯಿಸಿಕೊಂಡವನು ನಾನು.

ಮೂರನೆಯದು ಜಪಾನಿನದು, ಯಾರೋ ಚೆನ್ನಾಗಿಟ್ಟುಕೊಂಡು ಮಾರಿದ್ದು. ಕೈತುಂಬ ಸಿಗುವ ದೊಡ್ಡ ಗುಂಡಿ, ಒಂದೊಂದು ಕೆಲಸಕ್ಕೆ ಒಂದೊಂದು ಬಟನ್ನು. ಅಣ್ಣ ಆ ದೊಡ್ಡ ಗುಂಡಿಯನ್ನು ನಿಧಾನವಾಗಿ ತಿರುಗಿಸಿದರು. ಅವತ್ತು ಇಡೀ ದಿನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇದು ಒಂದು ಸುತ್ತು ತಿರುಗಿದ್ರೆ ಎಷ್ಟು ಹೋಗುತ್ತೆ?"

"ಹತ್ತು ನಂಬರು" ಎಂದ ಗೆನ್ನಾದಿ.

ಅಣ್ಣ ತಲೆಯಾಡಿಸಿದರು. ಸದ್ಯ ಬಾಯಿಬಿಟ್ಟರಲ್ಲ ಎಂದು ನಾನು ಜಪಾನಿನದನ್ನೇ ಇಡಿಸಿದೆ. ಯಾಕೆ ಕೇಳಿದರು ಎಂದು ಯೋಚಿಸಲಿಲ್ಲ.

ಇನ್ನು ಉಳಿದ ಸಾಮಾನು. ಕರೆಂಟು ಕೈಕೊಟ್ಟರೂ ನಡೆಯುವಂಥ ಪವರ್ ಸಪ್ಲೈ ನಾನೇ ಮಾಡಿದೆ. ಚಿಮಣಿಯಿಂದ ಪಾಪ್ಲರ್ ಮರಕ್ಕೆ ಕಟ್ಟಿದ್ದ ಹಳೆ ಆಂಟೆನಾ ತಂತಿ ಗಟ್ಟಿಯಾಗಿಯೇ ಇತ್ತು. ಹಳೆಯ ಪೆಡಲನ್ನೇ ಹೊಸದಕ್ಕೆ ಜೋಡಿಸಿದೆ. ಸಲ್ಕಿನ್ ಕಿವಿಗೆ ತೊಂದರೆಯಾಗದಿರಲೆಂದು ಒಳ್ಳೆಯ ಹೆಡ್‌ಫೋನ್ ತಂದಿದ್ದೆ. ಅಣ್ಣ ಅದನ್ನು ಹಾಕಿಕೊಂಡು, ಒಂದು ಗಳಿಗೆ ಇದ್ದು, ತೆಗೆದುಬಿಟ್ಟರು.

"ಬೇಡ. ಇದು ಹಾಕ್ಕೊಂಡ್ರೆ ಮನೆ ಕೇಳ್ಸಲ್ಲ."

ಮನೆಯಲ್ಲಿ ಕೇಳಿಸಲು ಏನಿತ್ತು? ಹೆಡ್‌ಫೋನನ್ನು ಚೀಲಕ್ಕೆ ಹಾಕಿಕೊಂಡೆ.

ಆದರೆ ನಂಬರು ಓದುವುದು ಹೇಗೆ? ಇದೇ ನನ್ನ ತಲೆ ತಿನ್ನುತ್ತಿತ್ತು. ಸಲ್ಕಿನ್‌ಗೆ ಹತ್ತಿರದ್ದು ಕಾಣುವುದಿಲ್ಲ, ಕನ್ನಡಕವೆಂದರೆ ಆಗದು. ಆ ಜಪಾನಿ ಪೆಟ್ಟಿಗೆಯೊಳಗೆ ಕೂರಿಸುವ ಒಂದು ಚಿಕ್ಕ ಸರ್ಕ್ಯೂಟ್ ಹಲಗೆ ಬರುತ್ತದೆ. ಬಟನ್ ಒತ್ತಿದರೆ ನಂಬರನ್ನು ಬಾಯಿಬಿಟ್ಟು ಹೇಳುತ್ತದೆ. ಈಗ ಯಾರೂ ಮಾಡುವುದಿಲ್ಲ. ಕೂಟದಲ್ಲಿ ಎಲ್ಲರನ್ನೂ ಕೇಳಿದೆ; ಕಡೆಗೆ ತಾಷ್ಕೆಂಟಿನವನೊಬ್ಬ ತನ್ನ ಪೆಟ್ಟಿಗೆಯಿಂದಲೇ ಕಿತ್ತು ಲಾರಿಯವನ ಕೈಲಿ ಕಳಿಸಿದ. ಅದನ್ನು ಕೂರಿಸಿದ ದಿನ ನನಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಅತ್ತಿಗೆ ಮಾಡುತ್ತಿದ್ದ ಕೆಲಸ ಇನ್ನು ನಿಲ್ಲುವುದಿಲ್ಲ ಎಂದುಕೊಂಡೆ.

ಬಟನ್ ಒತ್ತಿದೆ. ಒಬ್ಬ ಹೆಂಗಸು, ನುಣುಪಾದ ದನಿಯಲ್ಲಿ, ಇಂಗ್ಲಿಷಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಹೇಳಿದಳು.

ಸಲ್ಕಿನ್ ಕೈಯಲ್ಲಿ ಚಾಕು ಹಿಡಿದೇ ಅಡುಗೆಮನೆಯಿಂದ ಬಂದಳು. "ಯಾರವಳು? ವರ್ಷದ ಊಟ ಇನ್ನೂ ಹಾಕಿಲ್ಲ, ಆಗ್ಲೇ ಇನ್ನೊಬ್ಬಳನ್ನ ತಂದು ಕೂರಿಸಿದ್ಯಾ?"

"ಅದು ಯಂತ್ರ ಸಲ್ಕಿನಕ್ಕ."

"ಯಂತ್ರ ಅಂತೆ. ಹಾಗೆ ರಾಗ ಎಳೆಯೋಳು ರೊಟ್ಟಿ ತಟ್ಟುತ್ತಾಳಾ ಕೇಳು."

ಗೆನ್ನಾದಿ ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ, ಸಲ್ಕಿನ್ ಕೂಡ ತಲೆವಸ್ತ್ರದ ಮರೆಯಲ್ಲಿ ನಕ್ಕಳು. ಆಮೇಲೆ ಮೂವರೂ ಅಣ್ಣನ ಮುಖ ನೋಡಿದೆವು.

"ಚೆನ್ನಾಗಿ ಹೇಳ್ತಾಳೆ" ಎಂದರು. ಯಾರೋ ಹೊರಗೆ ಹಿಮ ಬೀಳುತ್ತಿದೆ ಎಂದಾಗ ಹೌದಾ ಅನ್ನುವ ದನಿ ಅದು. ತಾವಾಗಿ ಆ ಬಟನ್ ಒತ್ತಲಿಲ್ಲ.

ಭಾನುವಾರ ಬಂತು. ಗೆನ್ನಾದಿ ತನ್ನ ಊರಿಗೆ ಹೋಗಿ ರೇಡಿಯೊ ಮುಂದೆ ಕೂತಿದ್ದ. ಅಸನ್‌ಕುಲಣ್ಣ ಬರುತ್ತಾರಂತೆ ಎಂದು ಎಲ್ಲ ಕಡೆ ಸುದ್ದಿಯಾಗಿತ್ತು. ನಾನು ಅಣ್ಣನ ಪಕ್ಕ ಕೂತೆ. ಇವತ್ತು ಇವರು ಮಾತಾಡದಿದ್ದರೆ ಇನ್ನು ಯಾವತ್ತೂ ಮಾತಾಡುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು.

ಅಣ್ಣ ಗುಂಡಿ ಹಿಡಿದರು. ಮೇಲುಗಡೆ ಎಲ್ಲೋ ಚೀನಾದ ಸ್ಟೇಷನ್ ಒಂದು ಹಾಡುತ್ತಿತ್ತು. ಅಲ್ಲಿಂದ ಕೆಳಕ್ಕೆ ಸಮವಾಗಿ ತಿರುಗಿಸುತ್ತಾ ಬಂದು ನಿಲ್ಲಿಸಿದರು. ಪೆಡಲು ತುಳಿದರು. ಆಮೇಲೆ ಮುಖವನ್ನು ಅಡುಗೆಮನೆಯ ಕಡೆ ತಿರುಗಿಸಿದರು.

"ಎಲ್ಲಿದ್ದೀನಿ ನಾನು?"

ಅಡುಗೆಮನೆಯಲ್ಲಿ ಸಲ್ಕಿನ್ ಈರುಳ್ಳಿ ಹೆಚ್ಚುವುದು ನಿಂತಿತು. ನಾನು ಆ ಇಂಗ್ಲಿಷ್ ಹೆಂಗಸಿನ ಬಟನ್ನಿಗೆ ಕೈ ಚಾಚಿದೆ. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡರು. ಪೆಡಲು ತುಳಿದೇ ಇದ್ದದ್ದರಿಂದ ಆ ಮನೆಯ ಮೌನವೆಲ್ಲ ನರಿನ್‌ಗೂ ತಾಷ್ಕೆಂಟಿಗೂ ಹೋಗುತ್ತಿತ್ತು.

ಕಡೆಗೆ ಕಾಲು ಎತ್ತಿದರು. ಗೆನ್ನಾದಿಯ ದನಿ ಬಂತು.

"ಏಳು ಸಾವಿರದ ನೂರ ಹತ್ತು, ಅಣ್ಣ."

"ಗೊತ್ತು" ಎಂದರು ಅಸನ್‌ಕುಲಣ್ಣ. ಪೆಡಲು ತುಳಿದಿರಲಿಲ್ಲ, ಕೇಳಿಸಿದ್ದು ನನಗೊಬ್ಬನಿಗೇ. "ಆ ಹಾಡು ಯಾವಾಗ್ಲೂ ಏಳು ಸಾವಿರದ ಇನ್ನೂರರಲ್ಲಿರುತ್ತೆ. ಅಲ್ಲಿಂದ ಕೆಳಗೆ ಒಂಬತ್ತು ಸುತ್ತು."

ಪೆಟ್ಟಿಗೆಯ ಮೇಲಿನ ನಂಬರು ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಹಳೇದರಲ್ಲೂ ಗೊತ್ತಾಗ್ತಿತ್ತಾ ಅಣ್ಣ?"

"ಅದು ನಾನೇ ಕಟ್ಟಿದ್ದಲ್ವೇನೋ. ಮೊದಲ ದಿನದಿಂದ ಗೊತ್ತಿತ್ತು."

"ಮತ್ತೆ ಅತ್ತಿಗೇನ ಯಾಕೆ ಕೂಗ್ತಿದ್ರಿ?"

ಅಣ್ಣ ನನ್ನ ಮಣಿಕಟ್ಟು ಬಿಟ್ಟರು.

"ಕೂಗಿದ್ರೆ ಬರ್ತಿದ್ಲಲ್ಲ."

ಆಮೇಲೆ ಪೆಡಲು ತುಳಿದು, ಎಂದಿನಂತೆ ನರಿನ್‌ನಿಂದ ಹಾಜರಿ ಕರೆಯಲು ಶುರುಮಾಡಿದರು. ದನಿಯಲ್ಲಿ ಏರಿಳಿತವೇ ಇರಲಿಲ್ಲ. ಮೊಣಕೈ ಪಕ್ಕ ಸಲ್ಕಿನ್ ತಂದಿಟ್ಟ ಟೀ ಇತ್ತು. ನಾನು ಅದನ್ನು ಆಚೆಗೆ ಸರಿಸಿಟ್ಟೆ.