ಸೋಮವಾರದ ಮಾತ್ರೆ

ಆ ಭಾನುವಾರ ನಮ್ಮ ಯಜಮಾನರು ದೊಡ್ಡಸಿದ್ದಯ್ಯ ಜಗುಲಿಯ ಮೇಲೆ ಕೂತು ಮಗನ ಕಾಗದ ಓದಿದರು. ತಾಂಡ್ಯದ ಫ್ಯಾಕ್ಟರಿಯಲ್ಲಿ ಮೆಷಿನ್ ಸದ್ದಿಗೆ ಅವರ ಎರಡು ಕಿವಿಯೂ ಹೋಗಿದ್ದವು. ಫೋನು ಕೇಳಿಸುತ್ತಿರಲಿಲ್ಲ. ಅದಕ್ಕೇ ಮಗ ಮಲ್ಲಿಕಾರ್ಜುನ್ ಡಾಕ್ಟರ್ ಓದಲು ಕಲಬುರಗಿಗೆ ಹೋದಾಗಿನಿಂದ ಕಾಗದ ಬರೆಯುತ್ತಿದ್ದ. ತಮ್ಮ ದನಿ ತಮಗೇ ಕೇಳದೆ ಇವರು ಕೂಗಿ ಓದುತ್ತಿದ್ದರು. ಕಳಲೆಯ ನಮ್ಮ ಬೀದಿಗೆಲ್ಲ ಕೇಳಿಸುತ್ತಿತ್ತು.

ಮೊದಲನೇ ಕಾಗದದಲ್ಲೇ ‘ಅಪ್ಪ, ಹೆಣದ ಮುಂದೆ ನಿಲ್ಲಲು ಆಗುತ್ತಿಲ್ಲ, ವಾಪಸ್ ಬಂದುಬಿಡುತ್ತೇನೆ’ ಎಂದು ಬರೆದಿದ್ದ. ಎದುರು ಮನೆ ಚನ್ನಾಜಮ್ಮ ನಕ್ಕಳು.

“ಎಣ ಕಂಡ್ರೆ ಎದ್ರೋನು ನಮ್ಮನ್ನ ಎಂಗವ್ವ ಉಳಿಸಾನು?”

ನನಗೆ ನಗು ಬರಲಿಲ್ಲ. ಹುಡುಗ ಏನು ಮಾಡಿಕೊಳ್ಳುತ್ತಾನೋ ಎಂದು ಹೆದರಿದೆ. ಇವರು ಅವತ್ತೇ ನಂಜುಂಡೇಶ್ವರನಿಗೆ ಹರಕೆ ಹೊತ್ತರು. ಮಗನ ಅಂಜಿಕೆ ಹೋಗಲಿ, ಇನ್ನು ಪ್ರತಿ ಸೋಮವಾರ ಹೊತ್ತು ಮುಳುಗುವವರೆಗೆ ಏನೂ ತಿನ್ನುವುದಿಲ್ಲ ಎಂದು. ಹರಕೆ ಯಾರಿಗಾಗಿ ಹೊತ್ತೆವೋ ಅವರಿಗೆ ಹೇಳಬಾರದು. ನಮ್ಮ ಮನೆಯಲ್ಲಿ ಹಾಗೆ. ಮಗನಿಗೆ ಹೇಳಲಿಲ್ಲ.

ಅವನು ಪಾಸಾದ. ತಿ. ನರಸೀಪುರದ ಕಡೆ ಒಂದು ಹಳ್ಳಿಯ ಆಸ್ಪತ್ರೆಗೆ ಡಾಕ್ಟರಾಗಿ ಬಂದ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಕಂಡುಹಿಡಿದು ಮಾತ್ರೆ ಕೊಟ್ಟವನೂ ಅವನೇ. ಸೋಮವಾರ ಇವರು ಅದನ್ನು ನುಂಗುತ್ತಿರಲಿಲ್ಲ. ಆ ಭಾನುವಾರ ಓದಿದ ಕಾಗದದಲ್ಲಿ ‘ಅಪ್ಪ, ಹೋದ ಸಲ ಬಂದಾಗ ಎಣಿಸಿದೆ, ಮಾತ್ರೆ ಉಳಿಯುತ್ತಿದೆ. ಇನ್ನು ಒಂದು ದಿನವೂ ತಪ್ಪಿಸಬೇಡ’ ಎಂದಿತ್ತು.

“ನನ್ ಮಗ ಬರ್ದವ್ನೆ ಕಣಮ್ಮಿ. ಇನ್ ತಪ್ಸಾಕಿಲ್ಲ” ಎಂದರು.

ನಾಳೆ ಸ್ವಾಮಿಯ ವಾರ ಎಂದು ಕೈಸನ್ನೆ ಮಾಡಿದೆ.

“ನೀರಲ್ಲಿ ನುಂಗುದ್ರೆ ಉಪಾಸ ಕೆಟ್ಟೋದದಾ?” ಎಂದು ನಕ್ಕರು.

ಸೋಮವಾರ ಹಾಗೇ ಮಾಡಿದರು. ಹೊಲಕ್ಕೆ ಹೋಗಿ ಬಂದು ಜಗುಲಿಯ ಮೇಲೆ ಮಲಗಿದರು. ಮೈಯೆಲ್ಲ ಬೆವರು. ಬಿಸಿಲಿಗೆ ಎಂದುಕೊಂಡೆ. ಕೂಗಿದರೆ ಏಳದಿರುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಸಂಜೆ ಎಬ್ಬಿಸಲು ಕಾಲು ಮುಟ್ಟಿದೆ. ತಣ್ಣಗಿತ್ತು.

ಮಗ ಬಂದವನು ಮಾತ್ರೆಯ ಹಾಳೆ ನೋಡಿದ.

“ಏನ್ ತಿಂದಿದ್ರವ್ವ?”

ಹರಕೆ ಹೇಳಿದೆ.

“ಒಟ್ಟೆಗಿಲ್ದೆ ಆ ಮಾತ್ರೆ ನುಂಗುದ್ರೆ ಸಕ್ಕರೆ ಪೂರಾ ಇಳಿದೋಯ್ತದೆ. ನಾನೇ ಕೊಂದೆ ಕಣವ್ವ” ಎಂದು ಗೋಡೆಗೆ ತಲೆ ಚಚ್ಚಿಕೊಂಡ.

ಕೆಲಸಕ್ಕೇನೋ ಹೋದ. ಕಾಗದ ನಿಂತಿತು. ನಾನು ಫೋನು ಮಾಡಿದರೆ ‘ಊಂ’ ಅನ್ನುತ್ತಿದ್ದ, ಅಷ್ಟೇ. ಹಗ್ಗ ಕಂಡರೆ, ಬಾವಿ ಕಂಡರೆ ಅವನ ನೆನಪಾಗುತ್ತಿತ್ತು. ಗಂಡನಿಗಾಗಿ ಅಳಲೂ ಬಿಡುವಿರಲಿಲ್ಲ. ತಡೆಯಲಾರದೆ ಬಸ್ಸು ಹತ್ತಿದೆ.

ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಿದೆ. ಅವನ ಮುಂದೆ ಜವರಮ್ಮ ಎನ್ನುವ ಮುದುಕಿ ಕೂತಿದ್ದಳು. ಇವನು ಮಾತ್ರೆ ಚೀಟಿ ಬರೆದು ಹರಿದ. ಮತ್ತೆ ಬರೆದ, ಹರಿದ.

“ಏನ್ ಡಾಕ್ಟ್ರಪ್ಪ, ಚೀಟಿನೆಲ್ಲ ಇಂಗ್ ಅರ್ದಾಕ್ತೀಯ? ನೀನೇ ಈ ಕಡೆ ಬಾ, ನಾನೇ ಸೂಜಿ ಚುಚ್ತೀನಿ!”

ಅವನು ನಗಲಿಲ್ಲ. “ಅಜ್ಜಿ, ಯಾವ್ ವಾರ ಉಪಾಸ ಇರ್ತೀಯ?”

“ಶನ್ವಾರ. ಯಾಕಪ್ಪ, ಊಟಕ್ ಕರ್ದೀಯಾ?”

“ಅವತ್ತು ಈ ಮಾತ್ರೆ ಮುಟ್ಬೇಡ. ಉಂಡ್ರೆ ಮಾತ್ರೆ, ಉಣ್ದಿದ್ರೆ ಇಲ್ಲ. ಎಲ್ಲಿ, ನೀನ್ ಒಂದ್ಸಲ ಅನ್ನು.”

ಮುದುಕಿ ಅಂದಳು. ಅವನು ಬರೆದ. ಆ ಚೀಟಿ ಹರಿಯಲಿಲ್ಲ. ನನ್ನನ್ನು ನೋಡಿದ, ಮುಂದಿನವರನ್ನು ಕರೆದ. ನನಗೆ ಅಷ್ಟು ಸಾಕಾಯಿತು, ವಾಪಸ್ ಬಸ್ಸು ಹತ್ತಿದೆ.

ಆಮೇಲೆ ಒಂದು ಕಾಗದ ಬಂತು, ನನ್ನ ಹೆಸರಿಗೆ. ಅಕ್ಷರ ಕೂಡಿಸಿಕೊಂಡು ಓದಿದೆ. ‘ಅವ್ವ, ಬರೆಯಲು ಭಯ. ಆದರೂ ಬರೆಯುತ್ತೇನೆ.’

ಈಗ ನನಗೂ ಸಕ್ಕರೆ ಇದೆ. ಮಾತ್ರೆ ಅವನೇ ಕೊಟ್ಟಿದ್ದಾನೆ. ಬೆಳಿಗ್ಗೆ ಎದ್ದು ರಾಗಿ ಅಂಬಲಿ ಕಾಯಿಸುತ್ತೇನೆ. ಅವನ ಫೋನು ಬರುತ್ತದೆ. ಅವನು ಮಾತಾಡುವುದಿಲ್ಲ, ಕಿವಿ ಕೊಟ್ಟಿರುತ್ತಾನೆ. ಅವನಿಗೆ ಕೇಳಿಸಲಿ ಎಂದು ಸದ್ದು ಮಾಡಿ ಕುಡಿಯುತ್ತೇನೆ. ಸೋಮವಾರವೂ. ಆಮೇಲೆ ಮಾತ್ರೆ.