ಮಗ್ಗುಲಿನವರ ಸಾಕ್ಷಿ

ಕತೆ ಹೇಳುವಾಗ ನಮ್ಮ ಮುತ್ಯಾ, ಅಂದರೆ ನನ್ನ ಅಜ್ಜ, ಯಾರು ಎಲ್ಲಿ ಕುಳಿತಿದ್ದರು ಅನ್ನುವುದನ್ನು ಮೊದಲು ಹೇಳುತ್ತಿದ್ದ, ಉಳಿದದ್ದು ಆಮೇಲೆ. ನಾನೂ ಹಾಗೇ ಹೇಳುತ್ತೇನೆ. ಕಮಲಾಪುರದ ಪಾಸ್ಟರ್ ತರಬೇತಿ ಶಾಲೆಯಲ್ಲಿ ಆ ಮಧ್ಯಾಹ್ನ ಆರು ಚಾಪೆಗಳಿದ್ದವು, ಒಂದೊಂದಕ್ಕೆ ಇಬ್ಬರು. ಕೊನೆಯ ಚಾಪೆಯ ಮೇಲೆ ಮಾತ್ರ ಒಬ್ಬಳೇ ಹೆಣ್ಣುಮಗಳು, ವಯಸ್ಸು ನಲವತ್ತು ದಾಟಿರಬಹುದು. ಗೋಡೆ ಕಡೆಯ ಅರ್ಧ ಖಾಲಿ ಇತ್ತು. ಕುರ್ಚಿ ತರುತ್ತೇವೆ ಅಂದರೂ ಕೇಳದೆ ನಾನು ದೊಡ್ಡಸ್ತಿಕೆ ಬೇಡವೆಂದು ಅಲ್ಲೇ ಕುಳಿತೆ. ಪಾಠದ ಕೋಣೆಯಲ್ಲಿದ್ದವರೆಲ್ಲ ಥಟ್ಟನೆ ತಿರುಗಿ ನೋಡಿದರು.

ನಾನು ಕಲಬುರಗಿಯ ಒಂದು ಕ್ರಿಶ್ಚಿಯನ್ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಆ ಶಾಲೆಗೂ ನಮ್ಮ ಕಾಲೇಜಿಗೂ ಹೊಸದಾಗಿ ಒಪ್ಪಂದವಾಗಿತ್ತು: ಅಲ್ಲಿ ಕಲಿತ ವಿಷಯಗಳ ಕ್ರೆಡಿಟ್ ನಮ್ಮಲ್ಲಿ ಸೇರಿಸಿಕೊಂಡು ಅವರನ್ನು ನೇರ ಬಿ.ಎ. ಎರಡನೇ ವರ್ಷಕ್ಕೆ ತೆಗೆದುಕೊಳ್ಳುವುದು. ಹಾಜರಿ ತಪಾಸಣೆಗೆ ನನ್ನನ್ನು ಕಳಿಸಿದ್ದರು.

ಆ ಶಾಲೆಯಲ್ಲಿ ಒಂದು ಪದ್ಧತಿ. ಹಾಜರಿ ಕರೆದಾಗ ತನ್ನ ಹೆಸರಿಗೆ ತಾನೇ ಓಗೊಡುವಂತಿಲ್ಲ. ಮಗ್ಗುಲಿನವರು ಹೇಳಬೇಕು, ರಜಿಸ್ಟರಿನಲ್ಲಿ ಸಾಕ್ಷಿಯೆಂದು ಅವರೇ ಸಹಿ ಮಾಡಬೇಕು. ನಾಳೆ ಊರೂರಿಗೆ ಹೋಗಿ ಸಾಕ್ಷಿ ನುಡಿಯುವವರು ಮೊದಲು ಪಕ್ಕದ ಮನುಷ್ಯನ ಸಾಕ್ಷಿ ನುಡಿಯಲು ಕಲಿಯಲಿ ಅಂತ. ನಮ್ಮ ಪ್ರಿನ್ಸಿಪಾಲರಿಗೆ ಇದು ಎಷ್ಟು ಹಿಡಿಸಿತೆಂದರೆ ಒಪ್ಪಂದದಲ್ಲೇ ಬರೆಸಿಬಿಟ್ಟಿದ್ದರು: ಸಾಕ್ಷಿಯ ಸಹಿ ಇಲ್ಲದ ಹಾಜರಿಗೆ ಕ್ರೆಡಿಟ್ ಇಲ್ಲ.

ಹಿರಿಯ ಪಾಸ್ಟರು ಹೆಸರು ಕರೆಯತೊಡಗಿದರು. ಪಕ್ಕದಿಂದ ‘ಅದಾರ‍್ರಿ’, ‘ಅದಾರ‍್ರಿ’ ಅಂತ ಬರುತ್ತಾ ಹೋಯಿತು. ಕೊನೆಗೆ ನನ್ನ ಚಾಪೆಯ ಹೆಣ್ಣುಮಗಳ ಹೆಸರು. ಯಾರೂ ಏನೂ ಅನ್ನಲಿಲ್ಲ. ಪಾಸ್ಟರು ತಲೆ ಸ್ವಲ್ಪ ಓರೆ ಮಾಡಿ, ಹಳೆಯ ರೇಡಿಯೋ ಕೇಳುವವರ ಹಾಗೆ, ನನ್ನ ಕಡೆ ನೋಡುತ್ತಾ ಕಾದರು. ಆಮೇಲೆ ‘ಹ್ಞೂಂ’ ಅಂದು ಗುರುತು ಹಾಕಿಕೊಂಡರು.

ಮುಂದಿನ ಚಾಪೆಯವನು ಹಿಂದಕ್ಕೆ ಬಾಗಿ ಪಿಸುಗುಟ್ಟಿದ. ಆ ಜಾಗ ಆಕೆಯ ಗಂಡನದಂತೆ. ಇಬ್ಬರೂ ಕೂಡಿ ಕಲಿಯಲು ಬಂದಿದ್ದರಂತೆ. ಹೋದ ಮಳೆಗಾಲದಲ್ಲಿ ಹುಮನಾಬಾದ್ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಆತ ತೀರಿಕೊಂಡನಂತೆ.

ನಾನು ಗಾಬರಿಯಿಂದ ಏಳಲು ಹೋದೆ. ಆಕೆ ಪುಸ್ತಕದಿಂದ ಕಣ್ಣು ತೆಗೆಯದೆ ಅಂದಳು:

“ಕುಂದ್ರಿ ಸರ್, ಇರಲಿ. ಅವರು ಗ್ವಾಡಿ ಕಡೆ ಸರದು ಕುಂತಾರ.”

ನನಗೂ ಗೋಡೆಗೂ ನಡುವೆ ಇದ್ದದ್ದು ಒಂದು ಗೇಣು. ಹೊರಗೆ ಸುಡುವ ಬಿಸಿಲು, ಆದರೆ ನನ್ನ ಆ ಕಡೆಯ ತೋಳು ಮಾತ್ರ ತಣ್ಣಗಿತ್ತು.

ತರಗತಿ ಮುಗಿದ ಮೇಲೆ ರಜಿಸ್ಟರು ನನ್ನ ಕೈಗೆ ಬಂತು. ಆಕೆಯ ಸಾಲಿನಲ್ಲಿ ಮಳೆಗಾಲದವರೆಗೆ ಗಂಡನ ಸಹಿ, ಕೊನೆಯಲ್ಲಿ ಬಾಲದಂತೆ ಒಂದು ಸುಳಿ. ಅಲ್ಲಿಂದೀಚೆಗೆ ಸಹಿಯ ಮನೆಗಳೆಲ್ಲ ಬಿಳಿ. ಅಂದರೆ ಅಷ್ಟು ತಿಂಗಳ ಕ್ರೆಡಿಟ್ ಹೋಯಿತು, ಆಕೆ ಮೊದಲ ವರ್ಷದಿಂದ ಶುರು ಮಾಡಬೇಕು. ಚರ್ಚಿನ ಸಭೆಯ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಇನ್ನೆರಡು ವರ್ಷಕ್ಕೆ ನಿವೃತ್ತಿ. ಅಷ್ಟರೊಳಗೆ ಪದವಿ ಮುಗಿದರೆ ಆ ಕೆಲಸ ಈಕೆಗೆ, ಇಲ್ಲದಿದ್ದರೆ ಬೇರೆಯವರಿಗೆ. ಪಾಸ್ಟರೇ ಹೇಳಿದ್ದು.

ಆಕೆಯನ್ನು ಬೇರೆ ಚಾಪೆಯ ಮೇಲೆ ಕೂರಿಸಬೇಕಿತ್ತಲ್ಲ ಅಂತ ಪಾಸ್ಟರಿಗೆ ಅಂದೆ.

“ಹೇಳಿದೆವರಿ, ಏಳಲಿಲ್ಲ. ಬಾಜೂಕ ಕುಂತಿಲ್ಲದವರ ಕೈಲೆ ಹ್ಯಾಂಗ ಸೈ ಮಾಡಸಲಿ? ಸುಳ್ಳು ಸಾಕ್ಷಿ ಆಗ್ತದ.”

ಆಕೆ ಒಂದು ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟು ಬಾಗಿಲ ಹತ್ತಿರ ನಿಂತಳು.

“ಖಾಲಿ ಅದ ಅಂತ ಬರಿತೀರೇನ್ರಿ, ಸರ್?”

ನಾನು ಪುಟದ ಮೇಲೆ ಕೈಯಾಡಿಸಿದೆ. ಬೆರಳಿಗೆ ಏನೋ ತಾಕಿತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಮನೆಮನೆಯಲ್ಲೂ ಮಸಿಯಿಲ್ಲದ ಪೆನ್ನಿನ ಮುಳ್ಳಿನಿಂದ ಒತ್ತಿದಂಥ ಗೆರೆ, ಕೊನೆಗೆ ಅದೇ ಸುಳಿ. ಭಾನುವಾರಗಳಲ್ಲಿ ಇಲ್ಲ, ಕ್ರಿಸ್ಮಸ್ ರಜೆಯಲ್ಲಿ ಇಲ್ಲ.

ಈ ರಜಿಸ್ಟರ್ ಯಾರ ಕೈಗೆ ಸಿಗುತ್ತದೆ ಅಂತ ಕೇಳಿದೆ. ಪೆಟ್ಟಿಗೆಯಲ್ಲಿರುತ್ತದೆ, ಕೀಲಿ ತಮ್ಮ ಉಡದಾರದಲ್ಲಿ ಅಂದರು ಪಾಸ್ಟರು. ಅವರೇ ಗೀಚಿದರೋ, ಆಕೆಯೇ ಹೇಗಾದರೂ ಒತ್ತಿದಳೋ ಅಂತ ನನ್ನ ಗುಮಾಸ್ತ ಬುದ್ಧಿ ಓಡಿತು. ಆಮೇಲೆ ಆ ದಿನದ ಮನೆ ನೋಡಿದೆ. ಅರ್ಧ ತಾಸಿನ ಹಿಂದೆ ಕರೆದ ಹಾಜರಿ, ಆಕೆಯ ಮಗ್ಗುಲಲ್ಲಿ ಕುಳಿತಿದ್ದವನು ನಾನು, ರಜಿಸ್ಟರು ನಮ್ಮ ಚಾಪೆಗೆ ಬಂದೇ ಇರಲಿಲ್ಲ. ಅಲ್ಲೂ ಇತ್ತು.

“ಖಾಲಿ ಅದ ಅಂತ ಬರಿಯಂಗಿಲ್ಲ ಬಿಡ್ರಿ,” ಅಂದೆ. ಆಕೆ ತಲೆಯಾಡಿಸಿ ಒಳಗೆ ಹೋದಳು. ಅಳಲಿಲ್ಲ, ನಗಲೂ ಇಲ್ಲ.

ವರದಿಯಲ್ಲಿ ಬರೆದೆ: ಸಾಕ್ಷಿಯ ಕಾಲಂ ಖಾಲಿ ಇಲ್ಲ, ಮುಟ್ಟಿ ನೋಡಿದ್ದೇನೆ. ಪ್ರಿನ್ಸಿಪಾಲರು ವರದಿಯ ಜೊತೆಗಿಟ್ಟಿದ್ದ ರಜಿಸ್ಟರಿನ ಜೆರಾಕ್ಸ್ ಪ್ರತಿ ತೋರಿಸಿ, ಇಲ್ಲಿ ಬರೀ ಬಿಳಿ ಕಾಣುತ್ತದಲ್ಲ ಅಂದರು. ಜೆರಾಕ್ಸಿನಲ್ಲಿ ಬರುವುದಿಲ್ಲ, ಮೂಲ ತರಿಸಿ ಅಂದೆ. ತರಿಸಿದರು. ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಸಾಲಿನುದ್ದಕ್ಕೂ ಬೆರಳಾಡಿಸಿದರು. ಬೆರಳನ್ನು ಕರವಸ್ತ್ರದಿಂದ ಒರೆಸಿಕೊಂಡರು. ಆಮೇಲೆ ಆಕೆಯ ಕ್ರೆಡಿಟ್ ಪತ್ರಕ್ಕೆ ಸಹಿ ಹಾಕಿದರು.