ದೊಡ್ಡಳಿಯನ ದವಡೆ

ನನ್ನ ಪಕ್ಕದ ಮೇಜಿನವನಿಗೆ ದೊಡ್ಡಳಿಯ ಎಂದು ಹೆಸರಿಟ್ಟವಳು ನಾನೇ. "ನಾನು ಆ ಮನೆ ದೊಡ್ಡಳಿಯ, ಅಕ್ಕಾ" ಎಂದು ದಿನಕ್ಕೊಮ್ಮೆಯಾದರೂ, ಅದೂ ಹನ್ನೊಂದು ವರ್ಷ, ಕಿವಿಯ ಹತ್ತಿರವೇ ಹೇಳುತ್ತಾ ಬಂದರೆ ಇನ್ನೇನು ಹೆಸರಿಡಬೇಕು? ಲ್ಯಾಬಿನವರೆಲ್ಲ ಹಾಗೇ ಕರೆಯತೊಡಗಿದರು. ಅವನಿಗೆ ಬೇಸರವೇನೂ ಆಗಲಿಲ್ಲ. ಅದೊಂದು ಪದವಿ ಎಂದುಕೊಂಡ.

ನಮ್ಮದು ಹಲ್ಲು ಕಟ್ಟುವ ಲ್ಯಾಬು. ಕೆಳಗಿನ ಮಹಡಿಯಲ್ಲಿ ಡಾಕ್ಟರು ಜನರ ಬಾಯಿ ತೆರೆಸಿ, ಗುಲಾಬಿ ಬಣ್ಣದ ಪುಡಿ ಕಲಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮೇಲೆ ನಮ್ಮಲ್ಲಿಗೆ ಬರುತ್ತದೆ. ನಾವು ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿದರೆ ಆ ಮನುಷ್ಯನ ದವಡೆ ಹಲ್ಲುಸಮೇತ ಮೇಜಿನ ಮೇಲೆ ಕೂತಿರುತ್ತದೆ. ಉಳಿದದ್ದು ದೊಡ್ಡಳಿಯನ ಕೆಲಸ. ಪುಟ್ಟ ಗ್ಯಾಸಿನ ಉರಿಯಲ್ಲಿ ಚಾಕು ಕಾಯಿಸಿ ಮೇಣ ಕೆತ್ತುತ್ತಾ ಇಲ್ಲದ ಹಲ್ಲನ್ನು ಇದ್ದ ಹಾಗೆ ಮಾಡುತ್ತಾನೆ. ನಾನು ಕೊನೆಯಲ್ಲಿ ಅದಕ್ಕೆ ಹೊಳಪು ಕೊಡುವವಳು.

ಕೆಲಸದಲ್ಲಿ ಅವನಿಗೆ ಸಮ ಇನ್ನೊಬ್ಬನನ್ನು ನಾನು ಕಂಡಿಲ್ಲ. ಹಲ್ಲು ಕಟ್ಟಿಸಿಕೊಳ್ಳುವವರ ಮುಖ ನೋಡದೆ ಅವನು ಚಾಕು ಹಿಡಿಯುವುದಿಲ್ಲ. ಮೆಟ್ಟಿಲಿಳಿದು ಹೋಗಿ, ಅವರ ಜೊತೆ ಏನೋ ಹರಟಿ, ಒಂದು ಸಲ ನಗಿಸಿ ಬರುತ್ತಾನೆ. ಎಪ್ಪತ್ತರ ಮುದುಕಿಗೆ ಮುಂದಿನ ಹಲ್ಲು ಒಂದು ಕೂದಲೆಳೆಯಷ್ಟು ಓರೆ ಇಡುತ್ತಾನೆ. ಆ ವಯಸ್ಸಿನಲ್ಲಿ ಹಲ್ಲುಗಳು ಸಾಲಾಗಿ ನಿಂತರೆ ಮೊಮ್ಮಕ್ಕಳೇ ನಂಬುವುದಿಲ್ಲ ಎನ್ನುತ್ತಾನೆ. ಅವನ ಮೇಜಿನ ಮೇಲೆ ಆರ್ಡರ್ ಚೀಟಿಗಳು ಹಾರದಂತೆ ಒಂದು ಪ್ಲಾಸ್ಟರ್ ದವಡೆ ಇರುತ್ತಿತ್ತು. ಅದು ಅವನದೇ. ಕೆಲಸ ಕಲಿಯುವ ಕಾಲದಲ್ಲಿ ಒಬ್ಬರ ಬಾಯಿಯಲ್ಲಿ ಇನ್ನೊಬ್ಬರು ಅಚ್ಚು ತೆಗೆದು ಅಭ್ಯಾಸ ಮಾಡಿದಾಗಿನದು, ಇಪ್ಪತ್ತರ ವಯಸ್ಸಿನ ಹಲ್ಲು.

ಇಂಥ ಮನುಷ್ಯನ ನೆಮ್ಮದಿಗೆ ಕಲ್ಲು ಹಾಕಿದವನು ಅವನ ಷಡ್ಡಕ, ಅಂದರೆ ನಾದಿನಿಯ ಗಂಡ. ಟೈಲ್ಸ್ ಹಾಕುವವನು. ಮದುವೆಯಾಗಿ ಆ ಮನೆಗೆ ಬಂದಾಗ ಚಿಕ್ಕಳಿಯನಿಗೆ ಕೂರಲು ಸ್ಟೂಲು, ದೊಡ್ಡಳಿಯನಿಗೆ ಕಿಟಕಿ ಪಕ್ಕದ ಕೈಯಿರುವ ಕುರ್ಚಿ. ಲೋಕ ಹೇಗಿರಬೇಕೋ ಹಾಗಿತ್ತು. ನಾಲ್ಕು ವರ್ಷದ ಹಿಂದೆ ಆ ಚಿಕ್ಕಳಿಯ ಹೆಂಡತಿಯನ್ನೂ ಕರೆದುಕೊಂಡು ವಿದೇಶಕ್ಕೆ ಹೋದ. ಆಮೇಲೆ ಶುರುವಾಯಿತು. ಅವನ ಮನೆಯ ಕಿಟಕಿಯಿಂದ ಕಾಣುವ ಕೆರೆ, ಅವನ ಕಾರು, ಅವನ ಮನೆಯ ಬಾತ್‌ಟಬ್ಬು, ಎಲ್ಲವೂ ಮಾವನ ಫೋನಿಗೆ ಬರತೊಡಗಿದವು. ಮಾವ ಕನ್ನಡಕ ಹಾಕಿಕೊಂಡು, "ಮೊದಲು ನೀವೇ ನೋಡಿ" ಎಂದು ದೊಡ್ಡಳಿಯನ ಕೈಗೇ ಫೋನು ಕೊಡುತ್ತಿದ್ದರಂತೆ. ಗೌರವ ಕೊಟ್ಟೇ ಕೊಲ್ಲುವುದು ಎಂದರೆ ಇದೇ.

ಆಮೇಲೆ ಒಂದು ದಿನ ಕಿಟಕಿ ಪಕ್ಕದ ಕುರ್ಚಿ ಮಹಡಿಗೆ ಹೋಗಿ, ಅಲ್ಲಿ ಮೈ ಒತ್ತುವ ಯಂತ್ರದ ಕುರ್ಚಿ ಬಂದು ಕೂತಿತು. ಚಿಕ್ಕಳಿಯ ಕಳಿಸಿದ್ದು. ಎಲ್ಲರೂ ಒತ್ತಾಯ ಮಾಡಿ ದೊಡ್ಡಳಿಯನನ್ನು ಅದರಲ್ಲಿ ಕೂರಿಸಿ ಗುಂಡಿ ಒತ್ತಿದರು. ಮರುದಿನ ಲ್ಯಾಬಿಗೆ ಬಂದು ಬೆನ್ನು ಸವರಿಕೊಳ್ಳುತ್ತಾ ಹೇಳಿದ: "ಅವನೇ ಅಲ್ಲಿಂದ ಗುದ್ದಿದ ಹಾಗಿತ್ತು ಅಕ್ಕಾ."

ಆ ವಾರವೇ ಅವನು ವಿದೇಶದ ಲ್ಯಾಬುಗಳಿಗೆ ಅರ್ಜಿ ಹಾಕಲು ಕೂತ. ಹೊಟ್ಟೆಕಿಚ್ಚು ಎಂದು ಒಪ್ಪಿಕೊಂಡನೇ? ಇಲ್ಲ. ಹೆಂಡತಿಗಾಗಿ ಎಂದ. ತಂಗಿಯಾದವಳು ಕೆರೆ ನೋಡುತ್ತಾ ಕಾಫಿ ಕುಡಿಯುವಾಗ ಅಕ್ಕನಾದವಳು ಊರ ಮಕ್ಕಳ ಮೂಗು ಒರೆಸುತ್ತಿದ್ದರೆ ಅವಳಿಗೆ ಹೇಗಾಗಬೇಡ, ಅವಳು ಬಾಯಿಬಿಟ್ಟು ಹೇಳುವವಳಲ್ಲ, ಒಳಗೊಳಗೇ ಬೇಯುತ್ತಿದ್ದಾಳೆ ಎಂದ. ಅವಳು ಆರು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಒಂಬತ್ತು ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಒಂದು ಸಲ ನಾನು ಹೋಗಿದ್ದೆ. ಒಂದು ಮಗು ಅವಳ ಹೆಗಲ ಮೇಲೆ, ಇನ್ನೊಂದು ಕಾಲ ಮೇಲೆ, ಮೂರನೆಯದು ಅವಳ ಜಡೆ ಹಿಡಿದು ನಿಂತಿತ್ತು. ಬೇಯುತ್ತಿರುವವಳ ಹಾಗೆ ನನಗೆ ಕಾಣಲಿಲ್ಲ. ಆದರೆ ಗಂಡ ಹೇಳಿದ ಮೇಲೆ ಇರಬಹುದು ಎಂದುಕೊಂಡೆ.

ಎಂಟು ತಿಂಗಳ ಮೇಲೆ ಒಂದು ದೊಡ್ಡ ಲ್ಯಾಬಿನಿಂದ ಪತ್ರ ಬಂತು. ಕೆಲಸ ಕೊಡುತ್ತೇವೆ, ಕುಟುಂಬ ಕರೆತರಬಹುದು, ಮುಂದಿನ ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಹೇಳಿ. ಅವನು ಮೊದಲು ಮಾಡಿದ ಕೆಲಸವೆಂದರೆ ಆ ಊರು ಚಿಕ್ಕಳಿಯನ ಊರಿಗಿಂತ ದೊಡ್ಡದೋ ಚಿಕ್ಕದೋ ಎಂದು ಹುಡುಕಿದ್ದು. ದೊಡ್ಡದಿತ್ತು. ಆ ದಿನ ಎಲ್ಲರಿಗೂ ಸಿಹಿ ತಿನ್ನಿಸಿದ.

ಸುಳ್ಳು ಹೇಳಬಾರದು, ಆ ಸಿಹಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅವನಿಗಿಂತ ಐದು ವರ್ಷ ಮೊದಲು ಈ ಕೆಲಸಕ್ಕೆ ಬಂದವಳು ನಾನು. ಹೊಳಪು ಕೊಡುವವಳನ್ನು ಯಾವ ದೇಶವೂ ಕರೆಯುವುದಿಲ್ಲ. ಅದಕ್ಕೆ ಅಲ್ಲಿ ಯಂತ್ರವಿದೆಯಂತೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಬುದ್ಧಿ ಹೇಳಲು ಹೊರಟೆ. ಹತ್ತಿರದ ಬೆಟ್ಟವೇನು ನುಣ್ಣಗಿದೆಯಾ ಎಂದು ನನ್ನ ಬಾಯಿ ಮುಚ್ಚಿಸಿದ.

ಆದರೂ ಪತ್ರ ಕೈಗೆ ಬಂದ ಮೇಲೆ ಅವನ ತಕ್ಕಡಿ ಏರಿಳಿಯತೊಡಗಿತು. ಆ ಲ್ಯಾಬಿನಲ್ಲಿ ಹಲ್ಲನ್ನು ಕಂಪ್ಯೂಟರಿನ ಪರದೆಯ ಮೇಲೆ ಮಾಡುತ್ತಾರೆ. ಒಬ್ಬನದು ಅಂಚು, ಇನ್ನೊಬ್ಬನದು ಬಣ್ಣ. ಹಲ್ಲಿನ ಒಡೆಯ ಎಲ್ಲೋ ಇನ್ನೊಂದು ಊರಿನಲ್ಲಿರುತ್ತಾನೆ, ಮುಖ ನೋಡುವ ಮಾತೇ ಇಲ್ಲ. ಮೇಣದ ಚಾಕುಗಳನ್ನು ಏನು ಮಾಡಲಿ ಎಂದು ನನ್ನನ್ನೇ ಕೇಳಿದ. ಅವನ ಮಗಳು, ಬೆಕ್ಕು ಬಂದರೆ ನಾನೂ ಬರುತ್ತೇನೆ ಎಂದಳಂತೆ. ಹೆಂಡತಿ ಮಾತ್ರ ಒಂದೇ ಮಾತಿಗೆ ಹೂಂ ಅಂದಳು. "ನೋಡಿದ್ರಾ, ಒಳಗೆ ಎಷ್ಟು ಆಸೆ ಇಟ್ಕೊಂಡಿದ್ಲು" ಎಂದು ನನ್ನ ಮುಂದೆ ಗೆದ್ದವನ ಹಾಗೆ ಹೇಳಿದ. ಅವಳು ಮಕ್ಕಳ ತಾಯಂದಿರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಒಬ್ಬೊಬ್ಬರಿಗೇ ಹೇಳಲು ಶುರು ಮಾಡಿದ್ದಳು.

ಪತ್ರದ ಗಡುವಿಗೆ ಮೂರು ದಿನ ಇರುವಾಗ, ರಜೆಗೆ ಬಂದಿದ್ದ ಚಿಕ್ಕಳಿಯ ನಮ್ಮ ಡಾಕ್ಟರ ಹತ್ತಿರ ಬಂದ. ಹಿಂದಿನ ಹಲ್ಲೊಂದು ಚಕ್ಕೆ ಎದ್ದಿತ್ತು. ಡಾಕ್ಟರು ಅಚ್ಚು ತೆಗೆದು, ಚೀಟಿಯಲ್ಲಿ ನೈಟ್ ಗಾರ್ಡ್ ಎಂದು ಬರೆದು ಮೇಲೆ ಕಳಿಸಿದರು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಹಲ್ಲು ಸವೆಯದಿರಲೆಂದು ಹಾಕಿಕೊಳ್ಳಲು ಕೊಡುವ ಪ್ಲಾಸ್ಟಿಕ್ಕಿನ ತೆಳು ಕವಚ ಅದು.

ದೊಡ್ಡಳಿಯ ಆ ಅಚ್ಚನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ತಾನೇ ಪ್ಲಾಸ್ಟರ್ ಸುರಿದ, ತಾನೇ ಬಿಡಿಸಿದ, ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ಶಿಳ್ಳೆ ಹಾಕಿದ. ಹನ್ನೊಂದು ವರ್ಷದಲ್ಲಿ ಅವನು ಶಿಳ್ಳೆ ಹಾಕಿದ್ದು ನಾನು ಕೇಳಿರಲಿಲ್ಲ. ದವಡೆಹಲ್ಲಿನ ಮೇಲೆ ಸಣ್ಣ ಸಣ್ಣ ಗುಡ್ಡ, ಕಣಿವೆ ಇರಬೇಕು. ಚಿಕ್ಕಳಿಯನ ಹಲ್ಲುಗಳು ಅವನೇ ಹಾಕಿದ ಟೈಲ್ಸಿನ ಹಾಗೆ ಸಪಾಟಾಗಿದ್ದವು.

"ನೋಡಿ ಅಕ್ಕಾ, ಸುಖದ ಹಲ್ಲು. ಕೆರೆ ನೋಡಿ ನೋಡಿ ಸವೆದದ್ದು" ಎಂದ.

ಅಷ್ಟರಲ್ಲಿ ಚಿಕ್ಕಳಿಯನೇ ಮೇಲೆ ಬಂದು ಸ್ಟೂಲಿನ ಮೇಲೆ ಕೂತ. ಕೂರುವಾಗ ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡ. ಅಲ್ಲೂ ಮೊಣಕಾಲೂರಿಯೇ ಕೆಲಸ, ಇಲ್ಲೂ ಅದೇ, ನೆಲ ಮಾತ್ರ ಬೇರೆ ಎಂದು ನಕ್ಕ. ಪತ್ರದ ವಿಷಯ ಮಾವ ಹೇಳಿದರಂತೆ. "ನಿಮ್ಮದು ಕೂತು ಮಾಡೋ ಕೆಲಸ ಭಾವ. ನಿಮ್ಮನ್ನ ಅವರೇ ಕರೆದಿದಾರೆ. ನಾನು ಎರಡು ವರ್ಷ ಬಾಗಿಲು ಬಾಗಿಲು ತಟ್ಟಿದೆ" ಎಂದ. ಹೇಳುವಾಗ ಅವನ ದನಿ ಒಂದು ಕಡೆ ತೊಡರಿತು. ನನಗೆ ಆ ತೊಡರು ಚೆನ್ನಾಗಿ ಗೊತ್ತು; ಸಿಹಿ ತಿಂದ ದಿನ ನನ್ನದೂ ಹಾಗೇ ಇತ್ತು. ದೊಡ್ಡಳಿಯನಿಗೂ ಅದು ಕೇಳಿಸಿತು. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ಚಿಕ್ಕಳಿಯ ಹೋದ ಮೇಲೆ ಅವನ ಕುಣಿತ ಜಾಸ್ತಿಯಾಯಿತು. ಈ ದವಡೆಯನ್ನು ಮಾವನ ಮನೆಗೆ ಒಯ್ದು, ಆ ಯಂತ್ರದ ಕುರ್ಚಿಯ ಪಕ್ಕದಲ್ಲೇ ಇಟ್ಟು ತೋರಿಸುತ್ತೇನೆ ಎಂದ. ಎಷ್ಟು ಸವೆದಿದೆ ಎಂದು ಮಾವನಿಗೆ ಗೊತ್ತಾಗಬೇಕಾದರೆ ಪಕ್ಕದಲ್ಲಿ ಸರಿಯಾದ ಹಲ್ಲು ಬೇಕು ಎಂದು ತನ್ನ ಹಳೆಯ ದವಡೆಯನ್ನು ಚೀಟಿಗಳ ಮೇಲಿಂದ ಎತ್ತಿದ. ನನಗೆ ತಡೆಯಲಾಗಲಿಲ್ಲ. ಅದು ಇಪ್ಪತ್ತರ ಹಲ್ಲು, ಚಿಕ್ಕಳಿಯನದು ನಲವತ್ತರ ಹಲ್ಲು, ಇದು ಯಾವ ನ್ಯಾಯ ಎಂದೆ. ಸರಿ, ನಲವತ್ತಮೂರರದ್ದೇ ತೋರಿಸೋಣ ಎಂದು ಅಲ್ಲೇ ಗುಲಾಬಿ ಪುಡಿ ಕಲಸಿ, ತನ್ನ ಬಾಯಿಗೆ ತಾನೇ ಇಟ್ಟುಕೊಂಡು, ಎರಡು ನಿಮಿಷ ಮೂಕನಾಗಿ ಕೂತು, ಅಚ್ಚು ತೆಗೆದು ಪ್ಲಾಸ್ಟರ್ ಸುರಿದ.

ಗಟ್ಟಿಯಾಗಲು ಮುಕ್ಕಾಲು ಗಂಟೆ. ಆಮೇಲೆ ಮೂರು ದವಡೆಗಳನ್ನು ಸಾಲಾಗಿ ಇಟ್ಟ. ನಾನು ಮೊದಲು ನೋಡಿದೆ. ಅವನು ಬಗ್ಗಿ ನೋಡಿದ. ಇಪ್ಪತ್ತರ ದವಡೆಯಲ್ಲಿ ಗುಡ್ಡಗಳೆಲ್ಲ ಇದ್ದವು. ಚಿಕ್ಕಳಿಯನದು ಸಪಾಟು. ದೊಡ್ಡಳಿಯನ ಈಗಿನದು ಸಪಾಟಾಗಿ, ನಡುವೆ ಗುಳಿ ಬೇರೆ ಬಿದ್ದಿತ್ತು. ಕೋರೆಹಲ್ಲುಗಳಿಗೆ ಮೊನೆಯೇ ಇರಲಿಲ್ಲ.

ಪ್ಲಾಸ್ಟರಿನಲ್ಲಿ ಗಾಳಿ ಸೇರಿದೆ ಎಂದ. ಇನ್ನೊಂದು ಸಲ ಅಚ್ಚು ತೆಗೆದ, ಇನ್ನೊಂದು ಸಲ ಸುರಿದ. ಎರಡನೆಯದೂ ಹಾಗೇ ಬಂತು. ಪ್ಲಾಸ್ಟರಿನ ಚೀಲವೇ ಹಳೆಯದು ಎಂದ. ಅದೇ ಚೀಲದಿಂದ ಚಿಕ್ಕಳಿಯನ ದವಡೆ ಮಾಡಿದ್ದು ಎಂದು ನೆನಪಿಸಿದೆ. ಊರವರ ಹಲ್ಲಿನ ಮೇಲೆಲ್ಲ ಕಣ್ಣಿಟ್ಟವನು ತನ್ನದನ್ನು ಕನ್ನಡಿಯಲ್ಲಿ ಮುಂದಿನ ನಾಲ್ಕು ಬಿಟ್ಟು ಒಳಗೆ ನೋಡಿಕೊಂಡಿರಲೇ ಇಲ್ಲ. ಆ ಸಂಜೆ ಅವನು ಪ್ಲಾಸ್ಟಿಕ್ ಹಾಳೆ ಕಾಯಿಸಿ ಎರಡು ನೈಟ್ ಗಾರ್ಡ್ ಒತ್ತಿದ. ನಾನು ಎರಡಕ್ಕೂ ಅಂಚು ನಯ ಮಾಡಿಕೊಟ್ಟೆ.

ಮರುದಿನ ಬೆಳಿಗ್ಗೆ ಚಿಕ್ಕಳಿಯನ ಗಾರ್ಡು ಒಯ್ಯಲು ದೊಡ್ಡಳಿಯನ ಹೆಂಡತಿ ಬಂದಳು. ಸೊಂಟದಲ್ಲಿ ಒಂದು ಮಗು. ಅದರ ತಾಯಿಗೆ ಆ ದಿನ ಬೇಗ ಕೆಲಸವಿತ್ತಂತೆ. ಮೇಜಿನ ಮೇಲೆ ಎರಡು ಡಬ್ಬಿ ನೋಡಿ ಇನ್ನೊಂದು ಯಾರದ್ದು ಎಂದು ಕೇಳಿದಳು.

"ನನ್ನದು" ಎಂದ, ತಲೆ ಎತ್ತದೆ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ಕೊನೆಗೂ ಗೊತ್ತಾಯ್ತಾ? ನಾಲ್ಕು ವರ್ಷದಿಂದ ರಾತ್ರಿ ಆ ಕಟಕಟ ಸದ್ದು ಕೇಳ್ತಿದೀನಿ ನಾನು. ಒಂದು ಸಲ ಹೇಳಿದ್ದಕ್ಕೆ, ನಾನಾ, ನಿನಗೆ ಕನಸು ಬಿದ್ದಿರ್ಬೇಕು ಅಂದ್ರಿ. ತಂಗಿ ಫೋನ್ ಮಾಡಿದ ದಿನ ಜೋರು. ಆ ಕುರ್ಚಿ ಬಂದ ದಿನವಂತೂ ಎದ್ದು ಮಗಳ ಕೋಣೆಗೆ ಹೋಗಿ ಮಲಗಿದೆ."

ಅವನು ಚಾಕು ಕೆಳಗಿಟ್ಟ. "ನೀನೂ ಹೋಗಬೇಕು ಅಂತಿದ್ದೆಯಲ್ಲ" ಎಂದ.

"ನಾನು ಯಾವಾಗ ಅಂದೆ? ನೀವು ಕೇಳಿದ್ರಿ, ಹೂಂ ಅಂದೆ. ಹೋದ್ರಾದ್ರೂ ಆ ಸದ್ದು ನಿಲ್ಲುತ್ತೇನೋ ಅಂತ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಎಷ್ಟೋ ಸಲ ಆಡಿದ್ದೇನೆ. ಬರೆ ಹಾಕಿಸಿಕೊಂಡ ಎಮ್ಮೆ ಎದುರಿಗೇ ನಿಂತು, ಬೇಸರವೂ ಇಲ್ಲದೆ, ಜ್ವರ ಹೇಗಿದೆ ಎಂದು ಕೇಳಿದ್ದನ್ನು ಅವತ್ತೇ ನೋಡಿದ್ದು. ನಾನು ಪಾಲಿಶ್ ಮೋಟಾರು ಆರಿಸಿಬಿಟ್ಟೆ. ಮಗು ಕೈ ಚಾಚಿ ಇಪ್ಪತ್ತರ ದವಡೆಯನ್ನು ಎತ್ತಿಕೊಂಡಿತು. ಯಾರೂ ಬೇಡ ಎನ್ನಲಿಲ್ಲ.

"ಎಷ್ಟು ಜನರಿಗೆ ಹೇಳಿಬಿಟ್ಟೆ, ಮಕ್ಕಳ ತಾಯಂದಿರಿಗೆ?" ಎಂದು ಕೇಳಿದ.

"ಮೂವರಿಗೆ. ಇವಳ ಅಮ್ಮನಿಗೆ ಇವತ್ತು ಸಂಜೆ ಹೇಳ್ಬೇಕು" ಎಂದು ಮಗುವಿನ ತಲೆ ಸವರಿದಳು.

"ಹೇಳಬೇಡ" ಎಂದ. ಚಾಕು ಮತ್ತೆ ಎತ್ತಿಕೊಂಡು, "ಆ ಮೂವರಿಗೂ ಫೋನ್ ಮಾಡು" ಎಂದ.

ಅವಳು ಒಂದು ಸಲ ಅವನ ಮುಖ ನೋಡಿ, ಒಂದು ಡಬ್ಬಿ ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ಅವನ ಜೇಬಿಗೆ ತಾನೇ ಇಟ್ಟು ಹೋದಳು. ಮಗು ದವಡೆ ಬಿಡಲಿಲ್ಲ, ಅದೂ ಹೋಯಿತು. ಮೆಟ್ಟಿಲ ಮೇಲೆ ಅವಳು ಅದನ್ನು ಕಿತ್ತುಕೊಳ್ಳಲು ನೋಡಿ, ಮಗು ಅತ್ತು, ಕೊನೆಗೆ ಅವಳೇ ಸೋತದ್ದು ನಮಗೆ ಕೇಳಿಸಿತು. ಶುಕ್ರವಾರ ಅವನು ಆ ದೊಡ್ಡ ಲ್ಯಾಬಿಗೆ ಆಗುವುದಿಲ್ಲ ಎಂದು ಎರಡು ಸಾಲು ಬರೆದ. ಬರೆದ ಮೇಲೆ ಅಳು ಬಂದವನ ಹಾಗೆ ಕೂತಿದ್ದ. ಆ ಊರು ನಿಜವಾಗಿಯೂ ದೊಡ್ಡದಿತ್ತು.

ಅವನು ಸಂತನಾಗಿಬಿಟ್ಟ ಎಂದುಕೊಳ್ಳಬೇಡಿ. ಹೋದ ತಿಂಗಳು ಚಿಕ್ಕಳಿಯ ಸ್ವಂತ ಮನೆ ಕೊಂಡ ಸುದ್ದಿ ಬಂದಾಗ ಮೇಣದ ಚಾಕು ಮೂರು ಸಲ ಕೈಗೆ ಚುಚ್ಚಿಕೊಂಡ. ಹೊಟ್ಟೆಕಿಚ್ಚು ಸಾಕಬೇಕಾದರೆ ಇಲ್ಲೇ ಇದ್ದು ಸಾಕಿದರಾಯಿತು, ಅದಕ್ಕೂ ವೀಸಾ ಮಾಡಿಸಿ ಕರೆದೊಯ್ಯುವುದೇಕೆ ಎನ್ನುತ್ತಾನೆ. ಚೀಟಿಗಳ ಮೇಲೆ ಈಗ ನಲವತ್ತಮೂರರ ದವಡೆ ಕೂತಿದೆ. ವರ್ಷಕ್ಕೊಂದು ಅಚ್ಚು ತೆಗೆದು ಹೋಲಿಸಿ ನೋಡುವುದಂತೆ, ಸವೆತ ಎಷ್ಟು ಮುಂದುವರಿದಿದೆ, ಎಷ್ಟು ನಿಂತಿದೆ ಎಂದು.

ಮೊನ್ನೆ ಯಾರದೋ ದವಡೆಯ ನಕಲು ತೆಗೆಯಲು ಗುಲಾಬಿ ಪುಡಿ ಸ್ವಲ್ಪ ಜಾಸ್ತಿ ಕಲಸಿಬಿಟ್ಟ. ಹಾಳಾಗುವುದು ಬೇಡ, ನಿಮ್ಮದೂ ಒಂದು ತೆಗೆಯೋಣ, ಬಾಯಿ ತೆರೆಯಿರಿ ಅಕ್ಕಾ ಎಂದ. ನನ್ನ ಹಲ್ಲಿಗೆ ಏನೂ ಆಗಿಲ್ಲ ಎಂದು ಹೇಳಿ ಮೋಟಾರು ಹಾಕಿಕೊಂಡೆ. ಅವನು ಪುಡಿ ಗಟ್ಟಿಯಾಗುವವರೆಗೂ ಬಟ್ಟಲು ಹಿಡಿದು ನಿಂತಿದ್ದ. ನಾನು ಬಾಯಿ ತೆರೆಯಲಿಲ್ಲ.